ಮನೆಯ ನಾಯಿಗೆ ಮನೆಯ ಊಟ

ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಯಾಗಲಿ, ಅರಸೀಕೆರೆ, ಬೇಲೂರು ಸೀಮೆಯ ಇತರ ಹಳ್ಳಿಗಳಾಗಲಿ, ನಾಯಿಗೆಂದು ಬೇರೆ ಒಲೆ ಹಚ್ಚುವ ವಾಡಿಕೆ ನಮ್ಮಲ್ಲಿ ಎಂದೂ ಇರಲಿಲ್ಲ. ಮನೆಮಂದಿ ಉಂಡ ಮೇಲೆ ಉಳಿದ ಹಿಟ್ಟು, ತಂಗಳನ್ನ, ತಳದ ಸಾರು, ಒಂದಿಷ್ಟು ಮಜ್ಜಿಗೆ ಇವೇ ಅದರ ಪಾಲು. ಜಗುಲಿಯ ಮೂಲೆಯಲ್ಲಿ ಒಂದು ಕಲ್ಲಿನ ಬಾನಿ ಅಥವಾ ಸೊಟ್ಟಗಾದ ಸಿಲವಾರದ ತಟ್ಟೆ. ಅದರಲ್ಲಿ ಬಿದ್ದದ್ದನ್ನು ತಿಂದು ಹೊಲ ಮನೆ ಕಾಯುವ ನಾಯಿ. ಈಗ ಪರಿಸ್ಥಿತಿ ಬದಲಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳನ್ನು ತಂದು ಊರಿನ ಮನೆಯಲ್ಲಿ ಬಿಟ್ಟುಹೋಗುತ್ತಾರೆ. ಜೊತೆಗೆ ಉಪದೇಶವನ್ನೂ ಬಿಟ್ಟುಹೋಗುತ್ತಾರೆ: ನಾಯಿ ತೋಳದ ಜಾತಿಯದು, ಅದಕ್ಕೆ ಹಸಿ ಮಾಂಸವನ್ನೇ ಹಾಕಬೇಕು, ಮುದ್ದೆ ಅನ್ನ ಹಾಕಿದರೆ ಅದರ ಆಯುಷ್ಯ ಕುಗ್ಗುತ್ತದೆ ಎಂದು.

ಮಾಂಸವೇ ಒಳಗೆ ಬಾರದ ಮನೆಗಳಲ್ಲಿ ಈ ಮಾತು ದೊಡ್ಡ ಕಳವಳವನ್ನು ಉಂಟುಮಾಡಿದೆ. ಕೆಲವರು ಮನಸ್ಸಿಲ್ಲದ ಮನಸ್ಸಿನಿಂದ ಹಿತ್ತಿಲಿನಲ್ಲಿ ಆಳುಗಳ ಕೈಯಿಂದ ಹಸಿ ಮಾಂಸ ಹಾಕಿಸುತ್ತಿದ್ದಾರೆ. ಇನ್ನು ಕೆಲವರು ಅದು ನಮ್ಮಿಂದಾಗದೆಂದು ಬರೀ ಹಾಲು ಅನ್ನದಲ್ಲಿಯೇ ನಾಯಿಯನ್ನು ಸಾಕುತ್ತ, ಆ ಮೂಕ ಜೀವಿಗೆ ಅನ್ಯಾಯ ಮಾಡುತ್ತಿದ್ದೇವೆಯೋ ಏನೋ ಎಂದು ಒಳಗೊಳಗೇ ಕೊರಗುತ್ತಿದ್ದಾರೆ. ಅನೇಕ ಸದ್ಭಕ್ತರು ಈ ವಿಷಯವನ್ನು ನಮ್ಮಲ್ಲಿ ಪ್ರಸ್ತಾಪಿಸಿರುವುದರಿಂದ ಈ ಸಂಚಿಕೆಯಲ್ಲಿ ಇದನ್ನೇ ವಿಚಾರ ಮಾಡೋಣ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಾಯಿಗೆ ಮನೆಯ ಊಟ ಸಲ್ಲುತ್ತದೆ. ಆದರೆ ಉಳಿದದ್ದು ಬಳಿದದ್ದೆಲ್ಲ ಊಟವಲ್ಲ. ಹಸಿ ಮಾಂಸ ಅದಕ್ಕೆ ಅಗತ್ಯವಿಲ್ಲ. ಅದರಲ್ಲಿಯೂ ಕುರಿ ಮೇಕೆಗಳ ಹಸಿ ಒಳಾಂಗಗಳನ್ನು ನಾಯಿಗೆ ಹಾಕುವುದು ನಾಯಿಗಿಂತ ಹೆಚ್ಚಾಗಿ ಮನೆಯ ಮಕ್ಕಳಿಗೆ ಅಪಾಯ.

ನಾಯಿ ತೋಳವಲ್ಲ

ನಾಯಿಯ ಮೂಲ ತೋಳವೆಂಬುದು ನಿಜ. ಆದರೆ ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕಳೆದ ಪ್ರಾಣಿ ತೋಳವಾಗಿಯೇ ಉಳಿಯಲಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಹಾಗೂ ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿ 'ನೇಚರ್' ಪತ್ರಿಕೆಯಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಧಾನ್ಯದಲ್ಲಿರುವ ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಕಾರಣವಾದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿಗಳಲ್ಲಿ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ. ಮನುಷ್ಯನು ಬೇಸಾಯ ಕಲಿತ ಮೇಲೆ ಅವನ ಅನ್ನದಲ್ಲಿ ಪಾಲು ಪಡೆದ ನಾಯಿಯ ದೇಹವೇ ಆ ಅನ್ನಕ್ಕೆ ತಕ್ಕಂತೆ ಮಾರ್ಪಟ್ಟಿದೆ ಎಂದು ಇದರ ಅರ್ಥ. ಈ ಕಿಣ್ವ ನಾಯಿಯ ಬಾಯಿಯ ಜೊಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆಲಸವೆಲ್ಲ ಮೇದೋಜೀರಕ ಗ್ರಂಥಿಯದು, ಕರುಳಿನಲ್ಲಿ ನಡೆಯುವುದು. ಆದ್ದರಿಂದ ನಾಯಿ ಮುದ್ದೆಯನ್ನು ಅಗಿಯದೆ ನುಂಗಿತೆಂದು ಚಿಂತಿಸಬೇಕಾಗಿಲ್ಲ. ಮುದ್ದೆಯನ್ನು ನಾವಾದರೂ ಅಗಿಯುತ್ತೇವೆಯೇ! ಆದರೆ ಧಾನ್ಯ ಚೆನ್ನಾಗಿ ಬೆಂದಿರಬೇಕು.

ಈ ಮಾತು ಬೆಕ್ಕಿಗೆ ಅನ್ವಯಿಸುವುದಿಲ್ಲ. ಟಾರಿನ್ ಎಂಬ ಅಮೈನೋ ಆಮ್ಲ, ಎ ಜೀವಸತ್ವ ಮುಂತಾದವುಗಳನ್ನು ಬೆಕ್ಕು ಪ್ರಾಣಿಜನ್ಯ ಆಹಾರದಿಂದಲೇ ಪಡೆಯಬೇಕು. ನಾಯಿಯ ದೇಹ ಅವುಗಳನ್ನು ತಾನೇ ತಯಾರಿಸಿಕೊಳ್ಳಬಲ್ಲದು. ನಾಯಿಯ ಆಹಾರಕ್ರಮವನ್ನು ಬೆಕ್ಕಿಗೆ ಅನುಸರಿಸಬಾರದು.

ಕನ್ನಡ ನಾಡಿನಲ್ಲಿ ನಾಯಿಯ ಅನ್ನದ ಋಣ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನಶಿಲೆಯನ್ನು ಓದುಗರಲ್ಲಿ ಕೆಲವರು ಕಂಡಿರಬಹುದು. ಗಂಗರ ಬೂತುಗನ ಬಂಟ ಮಣಲೇರನು, ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಒಡೆಯ ಕೇಳಿದಾಗ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತಾಗ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂಬ ವಿಧಿಯೂ ಆ ಶಾಸನದಲ್ಲಿದೆ. ಇಂದಿಗೂ ಬೇಟೆನಾಯಿಗೆ ಹೆಸರಾದ ಮುಧೋಳದ ಸುತ್ತಮುತ್ತಲಿನ ರೈತರು ತಮ್ಮ ನಾಯಿಗಳನ್ನು ಬಹುಮಟ್ಟಿಗೆ ಬೆಳೆಸುವುದು ಜೋಳ, ಗೋಧಿ, ಮೆಕ್ಕೆಜೋಳಗಳ ಬೇಯಿಸಿದ ಆಹಾರ ಹಾಗೂ ಹಾಲಿನಿಂದ. ಮೊಟ್ಟೆ ಮಾಂಸಗಳು ಅವಕಾಶವಿದ್ದಾಗ ಮಾತ್ರ. ಓಟದಲ್ಲಿ ಆ ತಳಿಯನ್ನು ಮೀರಿಸುವ ನಾಯಿಗಳು ನಮ್ಮ ನಾಡಿನಲ್ಲಿ ವಿರಳ.

ಹಸಿ ಮಾಂಸದ ವಾದ

ಹಸಿ ಮಾಂಸ, ಹಸಿ ಮೂಳೆಗಳ ಪದ್ಧತಿಯನ್ನು ಈ ಕಾಲದಲ್ಲಿ ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್. 1993ರಲ್ಲಿ ಅವರು ಬರೆದ ಪುಸ್ತಕದಿಂದ ಇದು ಅನೇಕ ದೇಶಗಳಿಗೆ ಹಬ್ಬಿತು. ಅಂಗಡಿಯ ಒಣ ಆಹಾರದ ಮೇಲೆ ಜನರಿಗೆ ಬೇಸರವಿತ್ತು. ಆ ಬೇಸರ ಅಕಾರಣವಾದದ್ದೂ ಅಲ್ಲ. ಹಸಿ ಮಾಂಸ ತಿಂದ ನಾಯಿಯ ಕೂದಲು ಮಿರುಗುತ್ತದೆ, ಮಲ ಕಡಿಮೆಯಾಗುತ್ತದೆ ಎನ್ನುತ್ತಾರೆ. ಇದು ಕಣ್ಣಿಗೆ ಕಾಣುವ ಸತ್ಯವೇ. ಆದರೆ ಕೂದಲಿನ ಹೊಳಪು ಆಹಾರದ ಕೊಬ್ಬಿನಿಂದ ಬರುವುದು. ನಾರಿನ ಅಂಶ ಇಲ್ಲದ ಆಹಾರದಲ್ಲಿ ಮಲ ಕಡಿಮೆಯಾಗುವುದು ಸಹಜ. ಅದೇ ಮಾಂಸವನ್ನು ಬೇಯಿಸಿ ಹಾಕಿದರೂ ಈ ಎರಡೂ ಗುಣಗಳು ಹೋಗುವುದಿಲ್ಲ. ಹಸಿಯಾಗಿಯೇ ಇರಬೇಕೆಂಬ ಹಟಕ್ಕೆ ಇದರಿಂದ ಆಧಾರ ದೊರೆಯದು.

ತೊಂದರೆಗಳೋ ಸ್ಪಷ್ಟವಾಗಿವೆ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳು ಇರುವುದು ಸಾಮಾನ್ಯ. ಅವುಗಳನ್ನು ಹೊತ್ತ ನಾಯಿ ತಾನು ಆರೋಗ್ಯವಾಗಿಯೇ ಕಾಣುತ್ತ, ಮಲದ ಮೂಲಕ ದಿನಗಟ್ಟಲೆ ಹೊರಚೆಲ್ಲುತ್ತಿರಬಹುದು. ಆ ನಾಯಿ ನೆಕ್ಕಿದ ಕೈಯಿಂದ ಅನ್ನ ಕಲಸಿದ ಮಗುವಿಗೆ, ಮನೆಯ ವೃದ್ಧರಿಗೆ, ಗರ್ಭಿಣಿಯರಿಗೆ ವಾಂತಿ ಭೇದಿ ಜ್ವರ. ಅಮೆರಿಕದ ಪಶುವೈದ್ಯ ಸಂಘವು 2012ರಲ್ಲಿಯೇ ನಾಯಿ ಬೆಕ್ಕುಗಳಿಗೆ ಹಸಿ ಅಥವಾ ಅರೆಬೆಂದ ಮಾಂಸ ಹಾಕಬಾರದೆಂದು ನಿಲುವು ತಳೆದದ್ದು ಈ ಕಾರಣದಿಂದಲೇ.

ಎರಡನೆಯ ತೊಂದರೆ ಸುಣ್ಣದ ಅಂಶದ್ದು. ನೂರು ಗ್ರಾಂ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಹತ್ತು ಹದಿನೈದು ಮಿಲಿಗ್ರಾಂ ಮಾತ್ರ. ಬೆಳೆಯುವ ಮರಿಗೆ ಬರೀ ಮಾಂಸ ಹಾಕಿದರೆ, ರಕ್ತದಲ್ಲಿ ಕಡಿಮೆಯಾದ ಸುಣ್ಣವನ್ನು ತುಂಬಲು ದೇಹವು ತನ್ನದೇ ಮೂಳೆಗಳಿಂದ ಅದನ್ನು ತೆಗೆಯತೊಡಗುತ್ತದೆ. ಮರಿಯ ಕಾಲುಗಳು ಬಾಗುತ್ತವೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಹೀಗಾಗಿ ದುಬಾರಿ ಮಾಂಸ ತಿಂದ ಮರಿ ಸೊರಗಿದಾಗ ಮನೆಯವರಿಗೆ ಅಚ್ಚರಿ. ಬೇಯಿಸಿದ ಮೂಳೆ ಹಾಕಿ ಇದನ್ನು ಸರಿಪಡಿಸುತ್ತೇವೆನ್ನುವವರೂ ಇದ್ದಾರೆ. ಬೆಂದ ಮೂಳೆ, ವಿಶೇಷವಾಗಿ ಕೋಳಿಯದು, ಸೀಳಾಗಿ ಒಡೆದು ಗಂಟಲನ್ನೂ ಕರುಳನ್ನೂ ಗಾಯಗೊಳಿಸುತ್ತದೆ. ಅದನ್ನು ಎಂದಿಗೂ ಹಾಕಕೂಡದು.

ಕುರಿಯ ಕರುಳಿನಿಂದ ಮಗುವಿನ ಯಕೃತ್ತಿಗೆ

ಇನ್ನು ಮುಂದಿನ ಮಾತನ್ನು ಓದುಗರು, ಮನೆಯಲ್ಲಿ ನಾಯಿ ಇರಲಿ ಇಲ್ಲದಿರಲಿ, ದಯವಿಟ್ಟು ಗಮನವಿಟ್ಟು ಓದಬೇಕು.

ನಮ್ಮ ಸೀಮೆಯ ಅನೇಕ ಹಳ್ಳಿಗಳಲ್ಲಿ ಕುರಿ ಮೇಕೆ ಸಾಕಣೆ ಉಂಟು. ಹಬ್ಬ, ಹರಕೆ, ಮದುವೆಯ ಬೀಗರೂಟಗಳಲ್ಲಿ ಅವುಗಳನ್ನು ಮನೆಯ ಬಳಿಯೇ ಕಡಿಯುವುದೂ ಉಂಟು. ಕೊಯ್ದಾಗ ಕೆಲವು ಪ್ರಾಣಿಗಳ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಾಣುತ್ತವೆ. ಅಡುಗೆಗೆ ಯೋಗ್ಯವಲ್ಲವೆಂದು ಆ ಭಾಗವನ್ನು ಕತ್ತರಿಸಿ ಪಕ್ಕದಲ್ಲಿಯೇ ಕಾದು ಕುಳಿತ ನಾಯಿಗೆ ಎಸೆಯುತ್ತಾರೆ. ಇದಕ್ಕಿಂತ ಕೆಟ್ಟ ದಾನ ಮತ್ತೊಂದಿಲ್ಲ.

ಆ ಗುಳ್ಳೆಯಲ್ಲಿ ಎಕಿನೋಕಾಕಸ್ ಎಂಬ ಲಾಡಿಹುಳುವಿನ ಅಸಂಖ್ಯಾತ ಮರಿರೂಪಗಳಿರುತ್ತವೆ. ನಾಯಿಯ ಕರುಳನ್ನು ಸೇರಿದ ಅವು ಆರೇಳು ವಾರಗಳಲ್ಲಿ ಬಲಿತ ಹುಳುಗಳಾಗುತ್ತವೆ. ಲಾಡಿಹುಳುವೆಂದರೆ ಮಾರುದ್ದವೆಂದು ನಾವು ಭಾವಿಸುತ್ತೇವೆ; ಇದು ಕೆಲವೇ ಮಿಲಿಮೀಟರು, ಅಕ್ಕಿಕಾಳಿನಷ್ಟೂ ಇಲ್ಲ. ನಾಯಿಗೆ ಇದರಿಂದ ಯಾವ ಬಾಧೆಯೂ ಕಾಣದು. ಅದು ಎಂದಿನಂತೆ ಉಂಡು ಆಡಿಕೊಂಡಿರುತ್ತದೆ. ಆದರೆ ಅದರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳು ಹೊರಬಿದ್ದು ಅಂಗಳದ ಮಣ್ಣು, ಹಿತ್ತಿಲಿನ ಸೊಪ್ಪಿನ ಮಡಿ, ನಾಯಿಯ ಮೈಕೂದಲು ಎಲ್ಲವನ್ನೂ ಸೇರುತ್ತವೆ. ತಂಪಾದ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿದರೆ ಚಕ್ರ ಮತ್ತೆ ಮೊದಲಿನಿಂದ ತಿರುಗುತ್ತದೆ. ಮಗುವಿನ ಕೈಯಿಂದ ಬಾಯಿಗೆ ಹೋದರೆ, ಕುರಿಯಲ್ಲಿ ಆದದ್ದೇ ಮಗುವಿನಲ್ಲಿಯೂ ಆಗುತ್ತದೆ.

ವೈದ್ಯರು ಇದನ್ನು ಹೈಡಾಟಿಡ್ ರೋಗವೆನ್ನುತ್ತಾರೆ. ಹೆಚ್ಚಾಗಿ ಯಕೃತ್ತಿನಲ್ಲಿ, ಅನಂತರ ಶ್ವಾಸಕೋಶದಲ್ಲಿ, ಅಪರೂಪವಾಗಿ ಮಿದುಳಿನಲ್ಲಿಯೂ ನೀರಿನ ಗುಳ್ಳೆ ಹುಟ್ಟಿ ನಿಧಾನವಾಗಿ ವರ್ಷಾನುಗಟ್ಟಲೆ ಬೆಳೆಯುತ್ತದೆ. ಐದಾರರ ವಯಸ್ಸಿನಲ್ಲಿ ನಾಯಿಮರಿಯೊಡನೆ ಆಡುತ್ತಿದ್ದಾಗ ತಗುಲಿದ್ದು ಮೂವತ್ತರ ವಯಸ್ಸಿನಲ್ಲಿ ಬಲಪಕ್ಕೆಯ ಭಾರವಾಗಿ, ಬಿಡದ ಕೆಮ್ಮಾಗಿ ಪ್ರಕಟವಾಗಬಹುದು. ಆಗ ಅದಕ್ಕೂ ಬಾಲ್ಯದ ನಾಯಿಗೂ ಸಂಬಂಧವಿದೆಯೆಂದು ಯಾರಿಗೆ ಹೊಳೆದೀತು? ಗುಳ್ಳೆ ಒಡೆದರೆ ಪ್ರಾಣಕ್ಕೇ ಸಂಚಕಾರ. ಆಲ್ಬೆಂಡಜೋಲ್ ಔಷಧವನ್ನು ತಿಂಗಳುಗಟ್ಟಲೆ ಕೊಡುವುದು, ಸೂಜಿಯಿಂದ ದ್ರವ ತೆಗೆಯುವುದು, ಶಸ್ತ್ರಚಿಕಿತ್ಸೆ ಇವೆಲ್ಲ ಚಿಕಿತ್ಸೆಯ ಮಾರ್ಗಗಳು. ಯಾವುದು ತಕ್ಕುದೆಂಬುದನ್ನು ಸ್ಕ್ಯಾನ್ ನೋಡಿ ವೈದ್ಯರೇ ನಿರ್ಧರಿಸಬೇಕು.

ಭಯಪಡಿಸುವುದು ನಮ್ಮ ಉದ್ದೇಶವಲ್ಲ, ಏಕೆಂದರೆ ಈ ರೋಗವನ್ನು ತಡೆಯುವುದು ಬಹಳ ಸುಲಭ. ಉತ್ತರ ಧ್ರುವದ ಸಮೀಪದ ಐಸ್‌ಲೆಂಡ್ ದೇಶ ಒಂದು ಕಾಲದಲ್ಲಿ ಈ ರೋಗಕ್ಕೆ ಕುಪ್ರಸಿದ್ಧವಾಗಿತ್ತು. ಕುರಿಗಳೇ ಜೀವನಾಧಾರವಾಗಿದ್ದ ನಾಡು, ಮನೆಗೊಂದು ನಾಯಿ. 1860ರ ದಶಕದಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹರಾಲ್ಡ್ ಕ್ರಾಬೆ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಕಾರಣವನ್ನು ಜನರ ಭಾಷೆಯಲ್ಲಿ ತಿಳಿಸುವ ಕಿರುಪುಸ್ತಕವನ್ನು ಬರೆದರು. ಅದನ್ನು ಮನೆಮನೆಗೆ ಹಂಚಲಾಯಿತು. ದೀರ್ಘ ಚಳಿಗಾಲದಲ್ಲಿ ಓದುವ ಹವ್ಯಾಸವಿದ್ದ ಆ ಜನ ಅದನ್ನು ಓದಿದರು, ಕುರಿಯ ಒಳಾಂಗಗಳನ್ನು ನಾಯಿಗೆ ಹಾಕುವುದನ್ನು ಬಿಟ್ಟರು. ಮುಂದೆ ಕಾನೂನುಗಳೂ ಬಂದವು. ಪರಿಣಾಮಕಾರಿ ಔಷಧಗಳು ಹುಟ್ಟುವುದಕ್ಕೆ ಬಹಳ ಮೊದಲೇ ರೋಗ ಆ ದೇಶದಿಂದ ಇಳಿಮುಖವಾಗಿ ಕೊನೆಗೆ ಇಲ್ಲವಾಯಿತು. ನ್ಯೂಜಿಲೆಂಡ್ ಸಹ ಹಸಿ ಒಳಾಂಗಗಳ ನಿಷೇಧ, ನಾಯಿಗಳಿಗೆ ಕಡ್ಡಾಯ ಜಂತುನಾಶಕ ಎಂಬ ಎರಡೇ ಉಪಾಯಗಳಿಂದ ಇದನ್ನು ಹೊರಗಟ್ಟಿ, 2002ರಲ್ಲಿ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು.

ನಾವು ಸಸ್ಯಾಹಾರಿಗಳು, ನಮ್ಮ ಮನೆಗೆ ಇದೆಲ್ಲಿಂದ ಬರಬೇಕು ಎಂದು ನಿಶ್ಚಿಂತರಾಗಬೇಡಿ. ಮನೆಯ ನಾಯಿ ಹಗಲು ಮಜ್ಜಿಗೆ ಅನ್ನ ಉಂಡು ರಾತ್ರಿ ಊರಾಚೆಯ ತಿಪ್ಪೆಗೆ ಹೋಗುವುದನ್ನು ಯಾರು ತಡೆದಾರು? ಮನೆಯಲ್ಲಿ ಸಾಲದ ಊಟ ಸಿಕ್ಕಿದ ನಾಯಿಯೇ ಹೆಚ್ಚು ಅಲೆಯುವುದು ಎಂಬುದನ್ನೂ ಗಮನಿಸಿರಿ. ನೆರೆಹೊರೆಯಲ್ಲಿ ಕುರಿ ಕಡಿಯುವವರಿದ್ದರೆ ಅವರೊಡನೆ ಸೌಹಾರ್ದದಿಂದ ಮಾತನಾಡಬೇಕು. ಅವರ ಆಹಾರವನ್ನು ಆಕ್ಷೇಪಿಸುವುದಕ್ಕಲ್ಲ. ಗುಳ್ಳೆಯಿರುವ ಅಂಗಾಂಗಗಳನ್ನು ಸುಡಬೇಕು, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು ಎಂದು ತಿಳಿಸುವುದಕ್ಕೆ. ನಾಯಿಗೇ ಹಾಕಬೇಕೆಂದಿದ್ದರೆ ಒಳಾಂಗಗಳನ್ನು ಕನಿಷ್ಠ ಮುಕ್ಕಾಲು ಗಂಟೆ ಕುದಿಸಿ ಹಾಕಲಿ. ಅವರ ಮಕ್ಕಳೂ ನಮ್ಮ ಮಕ್ಕಳೂ ಅದೇ ಬೀದಿಯ ಮಣ್ಣಿನಲ್ಲಿ ಆಡುವವರು.

ನಾಯಿಗೆ ಪ್ರಾಜಿಕ್ವಾಂಟೆಲ್ ಎಂಬ ಅಂಶವುಳ್ಳ ಜಂತುನಾಶಕ ಮಾತ್ರೆಯನ್ನು ಪಶುವೈದ್ಯರ ಸಲಹೆಯಂತೆ ತೂಕಕ್ಕೆ ತಕ್ಕಷ್ಟು ಕೊಡಬೇಕು. ಎಲ್ಲ ಜಂತುಮಾತ್ರೆಗಳೂ ಈ ಹುಳುವನ್ನು ಕೊಲ್ಲುವುದಿಲ್ಲ, ಆದ್ದರಿಂದ ಹೆಸರು ಹಿಡಿದು ಕೇಳಿರಿ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಾಕು. ಕುರಿಹಟ್ಟಿಯ ಬಳಿ ಅಲೆಯುವ ನಾಯಿಗೆ ಆರು ವಾರಕ್ಕೊಮ್ಮೆ. ಮಾತ್ರೆ ಕೊಟ್ಟ ಮೂರು ನಾಲ್ಕು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮಲವನ್ನು ಹೂಳುವುದು ಒಳಿತು. ಹಿತ್ತಿಲಿನ ಕೊತ್ತಂಬರಿ, ಸೌತೆ, ಮೂಲಂಗಿಗಳನ್ನು ಹರಿಯುವ ನೀರಿನಲ್ಲಿ ತೊಳೆಯದೆ ಹಸಿಯಾಗಿ ತಿನ್ನಬಾರದು. ನಾಯಿ ಮುಟ್ಟಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಲೇಬೇಕು.

ನಮ್ಮ ಅಡುಗೆಯಲ್ಲಿ ನಾಯಿಗಾಗದ್ದು

ಹಾಗಾದರೆ ನಮ್ಮ ಶುದ್ಧ ಅಡುಗೆಯೆಲ್ಲ ನಾಯಿಗೆ ಹಿತವೇ? ಅದೂ ಇಲ್ಲ. ನಮಗೆ ಅಮೃತವಾದ ಕೆಲವು ಪದಾರ್ಥಗಳು ಅದಕ್ಕೆ ವಿಷ.

ಈರುಳ್ಳಿ, ಬೆಳ್ಳುಳ್ಳಿ ಮೊದಲನೆಯವು. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹದ ಒಂದು ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ಅಪಾಯವೆಂದು ಲೆಕ್ಕ. ಹತ್ತು ಕಿಲೋ ನಾಯಿಗೆ ಒಂದೆರಡು ದೊಡ್ಡ ಈರುಳ್ಳಿ ಸಾಕೆಂದಾಯಿತು. ಬೇಯಿಸಿದರೂ, ಒಣಗಿಸಿ ಪುಡಿಮಾಡಿದರೂ ಈ ಗುಣ ಹೋಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಹಾನಿಯುಂಟು. ಒಸಡು ಬೆಳ್ಳಗಾಗುವುದು, ಮೂತ್ರ ಕೆಂಪು ಕಂದಾಗುವುದು, ನಾಯಿ ಸುಸ್ತಾಗಿ ಏದುವುದು ಇದರ ಲಕ್ಷಣಗಳು.

ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟು ತಿಂದರೆ ಎಂಬುದನ್ನು ಮೊದಲೇ ಹೇಳಲಾಗದು. ದಾಸೋಹದ ದಿನ ಎಲೆಗಳಲ್ಲಿ ಉಳಿದ ಪಾಯಸವನ್ನು ಒಟ್ಟುಮಾಡಿ ನಾಯಿಗಳಿಗೆ ಸುರಿಯುವವರು ಇದನ್ನು ನೆನಪಿಡಬೇಕು. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು ಇತ್ತೀಚೆಗೆ, 2022ರಲ್ಲಿ, ಅಮೆರಿಕದ ಪಶುವೈದ್ಯರು ವರದಿ ಮಾಡಿದ್ದಾರೆ. ಅದೇ ವರದಿಯಲ್ಲಿ ಹುಣಸೆಹಣ್ಣು ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ಸಂಗತಿಯೂ ಬಂದಿದೆ. ನಮ್ಮ ಸಾರಿಗೆ ಹುಣಸೆಹುಳಿಯೇ ಜೀವ! ಒಂದು ಸೌಟು ತಿಳಿಸಾರಿನಿಂದ ತಲೆತಲಾಂತರದ ನಾಯಿಗಳು ಬದುಕಿವೆ, ನಿಜ. ಆದರೂ ಹುಳಿ, ಈರುಳ್ಳಿ, ಒಗ್ಗರಣೆ ಬೀಳುವ ಮೊದಲೇ ಬೆಂದ ಬೇಳೆಯನ್ನು ನಾಯಿಗೆಂದು ಒಂದು ಬಟ್ಟಲು ತೆಗೆದಿಡುವುದು ಗೃಹಿಣಿಯರಿಗೆ ಭಾರವಾದ ಕೆಲಸವಲ್ಲ.

ಬೇಲೂರು ಸಕಲೇಶಪುರ ಕಡೆಯ ಕಾಫಿಯ ಮನೆಗಳಲ್ಲಿ ಸೋಸಿ ಬಿಸಾಡಿದ ಕಾಫಿಪುಡಿಯ ಗಷ್ಟನ್ನು ನಾಯಿ ತಿನ್ನದಂತೆ ನೋಡಿಕೊಳ್ಳಬೇಕು. ಚಾಕೊಲೇಟ್ ಸಹ ಇದೇ ಬಗೆಯ ವಿಷ; ಹೃದಯದ ಬಡಿತ ಹೆಚ್ಚಿಸಿ ಸೆಳೆತ ತರುತ್ತದೆ. ಕರಿದ ತಿಂಡಿ, ತುಪ್ಪದ ಹೋಳಿಗೆಗಳಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹಳೇಬೀಡಿನ ದೇವಾಲಯ, ಬಸ್ತಿಹಳ್ಳಿಯ ಬಸದಿಗಳಂತಹ ತಾಣಗಳಿಗೆ ಹೋದಾಗ ಮರುಕದಿಂದ ನಾಯಿಗಳಿಗೆ ಪೊಟ್ಟಣಗಟ್ಟಲೆ ಸಕ್ಕರೆ ಬಿಸ್ಕತ್ತು ಎಸೆಯುವುದಕ್ಕಿಂತ ಒಂದು ಪಾತ್ರೆ ನೀರಿಡುವುದು ಮೇಲು.

ಅರಸೀಕೆರೆಯ ತೆಂಗು ಬೆಳೆಗಾರರಿಗೆ ಒಂದು ಮಾತು. ಬೂಷ್ಟು ಹಿಡಿದ ಕೊಬ್ಬರಿ, ಮುಗ್ಗಿದ ಮೆಕ್ಕೆಜೋಳ, ಕೆಟ್ಟ ಕಡಲೆಕಾಯಿ ಹಿಂಡಿ ಮನುಷ್ಯನಿಗಾಗದು, ನಾಯಿಗಾದೀತು ಎಂಬ ಭಾವನೆ ತಪ್ಪು. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತನ್ನು ನಾಶಮಾಡುವ ವಿಷ, ನಾಯಿ ಅದಕ್ಕೆ ಬಹಳ ಬೇಗ ಈಡಾಗುವ ಪ್ರಾಣಿ. ಬೇಯಿಸಿದರೂ ಅದು ಹೋಗದು. 2005ರಲ್ಲಿ ಅಮೆರಿಕದಲ್ಲಿ ಇಂತಹ ಮೆಕ್ಕೆಜೋಳ ಸೇರಿದ ಅಂಗಡಿಯ ಒಣ ಆಹಾರದಿಂದಲೇ ಅನೇಕ ನಾಯಿಗಳು ಸತ್ತವು. ಆದ್ದರಿಂದ ಪೊಟ್ಟಣದ ಆಹಾರವೆಲ್ಲ ಸುರಕ್ಷಿತ, ಮನೆಯದೆಲ್ಲ ಅಸುರಕ್ಷಿತ ಎಂಬ ಪ್ರಚಾರವನ್ನೂ ನಂಬಬೇಕಾಗಿಲ್ಲ.

ಎಷ್ಟು, ಏನು

ಇಪ್ಪತ್ತು ಕಿಲೋ ತೂಕದ, ಮಧ್ಯಮ ಚಟುವಟಿಕೆಯ, ಬೆಳೆದ ನಾಯಿಗೆ ದಿನಕ್ಕೆ ಸುಮಾರು 1,000 ಕಿಲೋಕ್ಯಾಲೊರಿ ಬೇಕು. ಬರೀ ಅನ್ನದಿಂದ ಅಷ್ಟನ್ನು ತುಂಬಲು 300 ಗ್ರಾಂ ಅಕ್ಕಿ ಬೇಕಾಗುತ್ತದೆ. ಹೊಟ್ಟೆ ತುಂಬುತ್ತದೆ, ಆದರೆ ದೊರೆಯುವ ಕ್ಯಾಲ್ಸಿಯಂ ಮೂವತ್ತು ಮಿಲಿಗ್ರಾಂ ಆಸುಪಾಸು. ಬೇಕಾದದ್ದು ಒಂದು ಸಾವಿರ ಮಿಲಿಗ್ರಾಮಿಗೂ ಮೇಲೆ. ಹಾಲು ಅನ್ನ ತಿಂದು ದುಂಡಗಾದ ನಾಯಿ ಒಳಗೆ ಬಡವಾಗಿರುವುದು ಹೀಗೆ. ರಾಗಿಯಾದರೋ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣವನ್ನು ಹೊಂದಿದೆ. ನಮ್ಮ ಹಿರಿಯರು ನಾಯಿಗೆ ಹಿಟ್ಟು ಹಾಕಿದ್ದು ಬಡತನದಿಂದಲೇ ಇರಬಹುದು, ಆದರೆ ಅಕ್ಕಿಗಿಂತ ಅದೇ ವಾಸಿಯಾಗಿತ್ತು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸುಣ್ಣ, ಸತುಗಳನ್ನು ಮೈಗೆ ಹತ್ತಗೊಡದೆ ಹಿಡಿದಿಡುತ್ತದೆ. ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ದೋಷ ಕಡಿಮೆ.

ರಾಗಿಯ ಕೊರತೆ ಪ್ರೋಟೀನಿನದು. ಆದ್ದರಿಂದ ಒಂದು ದಿನದ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಬಹುದು: ರಾಗಿ ಹಿಟ್ಟು 150 ಗ್ರಾಂ, ತೊಗರಿ ಅಥವಾ ಹೆಸರುಬೇಳೆ 100 ಗ್ರಾಂ, ಮೊಸರು ಕಾಲು ಕಿಲೋ, ಒಂದು ಚಮಚ ಅಡುಗೆ ಎಣ್ಣೆ, ಬೆಂದ ಕುಂಬಳ ಅಥವಾ ಕ್ಯಾರೆಟ್ ಒಂದು ಹಿಡಿ. ಇದರಿಂದ ಸಾವಿರ ಕಿಲೋಕ್ಯಾಲೊರಿಯೂ ನಲವತ್ತು ಗ್ರಾಂ ಪ್ರೋಟೀನೂ ದೊರೆಯುತ್ತವೆ. ಖಾರ ಬೇಡ, ಉಪ್ಪು ಒಂದು ಚಿಟಿಕೆ ಸಾಕು. ಎರಡು ಹೊತ್ತಾಗಿ ಹಂಚಿ, ಬೆಚ್ಚಗಾದ ಮೇಲೆ ಹಾಕಬೇಕು. ಮೊಟ್ಟೆಗೆ ಮನೆಯಲ್ಲಿ ಅಡ್ಡಿಯಿಲ್ಲದವರು ಬೇಯಿಸಿದ ಒಂದು ಮೊಟ್ಟೆ ಸೇರಿಸಿದರೆ ಬಹಳ ಒಳ್ಳೆಯದು. ಹಾಲಿಗಿಂತ ಮೊಸರು ಮಜ್ಜಿಗೆಗಳನ್ನು ನಾವು ಹೇಳುವುದೇಕೆಂದರೆ, ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆ. ಹೆಚ್ಚು ಹಾಲು ಭೇದಿ ತರುತ್ತದೆ.

ಇಷ್ಟಾದರೂ ಈ ಊಟ ಪೂರ್ಣವಲ್ಲ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವವನ್ನು ಮಾಡಿಕೊಳ್ಳಲಾರದು. ಅಂಗಳದ ಬಿಸಿಲಿನಲ್ಲಿ ಎಷ್ಟು ಹೊತ್ತು ಮಲಗಿದರೂ ಆಹಾರದಿಂದಲೇ ಅದು ಬರಬೇಕು. ಬಿ12, ಸತು, ತಾಮ್ರ, ಅಯೋಡಿನ್‌ಗಳದ್ದೂ ಕೊರತೆ ಬೀಳುತ್ತದೆ. ಸತು ಕಡಿಮೆಯಾದ ನಾಯಿಗೆ ಕಣ್ಣು ಮೂತಿಗಳ ಸುತ್ತ ಚರ್ಮ ಹಕ್ಕಳೆಗಟ್ಟುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ನಾಯಿಗಳಿಗೆ ಮನೆಯಲ್ಲಿ ಮಾಡುವ 200 ಅಡುಗೆ ವಿಧಾನಗಳನ್ನು ಪರೀಕ್ಷಿಸಿದಾಗ 190ರಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಅವುಗಳಲ್ಲಿ ಬಹಳಷ್ಟು ಮಾಂಸಸಹಿತವಾದವು ಎಂಬುದನ್ನು ಗಮನಿಸಬೇಕು. ಕೊರತೆಗೆ ಸಸ್ಯಾಹಾರ ಮಾಂಸಾಹಾರದ ಭೇದವಿಲ್ಲ, ಅಳತೆಯಿಲ್ಲದಿರುವುದೇ ಕಾರಣ. ನಾಯಿಗಳಿಗೆಂದೇ ಮಾಡಿದ ಜೀವಸತ್ವ ಖನಿಜಗಳ ಪುಡಿ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಾಗಲಿ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಾಗಲಿ ನಾಯಿಯನ್ನು ತೂಗಿಸಿ, ಊಟದ ವಿವರ ಹೇಳಿ, ಪ್ರಮಾಣವನ್ನು ಬರೆಸಿಕೊಳ್ಳಿರಿ.

ಮರಿಗಳ ವಿಷಯ ಬೇರೆ. ಒಂದು ವರ್ಷದೊಳಗಿನ ಮರಿಗೆ, ಬಸುರಿ ಹಾಗೂ ಹಾಲೂಡುವ ನಾಯಿಗೆ ಮೇಲಿನ ಊಟ ಸಾಲದು. ಮರಿಗೆ ಅದೇ ಕ್ಯಾಲೊರಿಗೆ ಸುಮಾರು ಮೂರು ಪಟ್ಟು ಸುಣ್ಣ ಬೇಕು. ಹಾಗೆಂದು ದೊಡ್ಡ ತಳಿಯ ಮರಿಗೆ ಮನಬಂದಂತೆ ಕ್ಯಾಲ್ಸಿಯಂ ಟಾನಿಕ್ ಸುರಿದರೂ ಕೀಲು ಮೂಳೆಗಳು ವಕ್ರವಾಗುತ್ತವೆ. ಲ್ಯಾಬ್ರಡಾರ್‌ನಂತಹ ಮರಿಯನ್ನು ಮೊದಲ ವರ್ಷ ಮರಿಗಳಿಗೆಂದೇ ಇರುವ ಪೊಟ್ಟಣದ ಆಹಾರದಲ್ಲಿ ಬೆಳೆಸಿ, ಆಮೇಲೆ ಮನೆಯ ಊಟಕ್ಕೆ ತರುವುದೇ ಕ್ಷೇಮವೆಂದು ನಮ್ಮ ಸಲಹೆ. ಅದರಲ್ಲಿ ಮಾಂಸದ ಅಂಶವಿರುತ್ತದೆ. ಒಪ್ಪದವರು ದೊಡ್ಡ ತಳಿಯ ಮರಿಯನ್ನು ತರುವ ಮೊದಲೇ ಮಕ್ಕಳೊಡನೆ ಮಾತನಾಡಿಕೊಳ್ಳಬೇಕು, ತಂದ ಮೇಲೆ ಅಲ್ಲ. ಮನೆ ಕಾಯಲು ಊರ ನಾಯಿಯ ಮರಿಯೇ ಸಾಕಲ್ಲವೇ ಎಂದು ನಮಗೆ ಅನ್ನಿಸುವುದುಂಟು.

ಊಟವನ್ನು ಒಮ್ಮೆಲೇ ಬದಲಿಸಬಾರದು. ಹಳೆಯದರಲ್ಲಿ ಕಾಲುಭಾಗ ಹೊಸದನ್ನು ಬೆರೆಸುತ್ತ ಏಳೆಂಟು ದಿನಗಳಲ್ಲಿ ಪೂರ್ತಿ ಬದಲಾಯಿಸಿರಿ. ತಿಂಗಳಿಗೊಮ್ಮೆ ತೂಕ ನೋಡಿರಿ. ತಕ್ಕಡಿಯಿಲ್ಲದಿದ್ದರೆ ಪಕ್ಕೆಯ ಮೇಲೆ ಕೈಯಾಡಿಸಿದರೆ ತಿಳಿಯುತ್ತದೆ: ಎಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸಿಕ್ಕುವಂತಿರಬೇಕು. ಬೆರಳಿಗೂ ಸಿಕ್ಕದಿದ್ದರೆ ಹಿಟ್ಟನ್ನು ಕಡಿಮೆ ಮಾಡಿ, ಬೇಳೆ ಮೊಸರುಗಳನ್ನು ಹಾಗೆಯೇ ಇಡಿರಿ. ಜಂತುಮಾತ್ರೆ ಕೊಟ್ಟ ದಿನವನ್ನೂ ಹುಚ್ಚುನಾಯಿ ರೋಗದ ವಾರ್ಷಿಕ ಚುಚ್ಚುಮದ್ದಿನ ದಿನವನ್ನೂ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡುವುದು ಅನುಕೂಲ.